ತಂದೆಯ ಹೆಸರು ಕಡ್ಡಾಯ

ಕಳೆದ ತಿಂಗಳು ಆಫೀಸಿನಲ್ಲಿ ವಿದ್ಯಾರ್ಥಿವೇತನದ ಆ್ಯಪ್ ಒಂದಕ್ಕೆ ಅರ್ಜಿ ನಮೂನೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು. ಮೂರರ ಪಕ್ಕದಲ್ಲೂ ಕೆಂಪು ನಕ್ಷತ್ರ ಹಾಕಿದೆ. ತುಂಬದಿದ್ದರೆ ಮುಂದಿನ ಪುಟ ತೆರೆಯಲ್ಲ. ಟೆಸ್ಟ್ ಮಾಡೋಕೆ ಅಂತ ಕೊನೆಯದನ್ನು ಖಾಲಿ ಬಿಟ್ಟು ಬಟನ್ ಒತ್ತಿದೆ. ‘ತಂದೆಯ ಹೆಸರು ಕಡ್ಡಾಯ’ ಅಂತ ಕೆಂಪಕ್ಷರ ಬಂತು. ಹರಪನಹಳ್ಳಿ ತಾಲ್ಲೂಕಿನ ನಮ್ಮೂರ ಶಾಲೆಯ ಏಳನೇ ಕ್ಲಾಸು ನೆನಪಾಯ್ತು.

ಅವತ್ತು ಮೇಷ್ಟ್ರು ಎಲ್ಲರ ವಿವರ ಬರ್ಕೊಳ್ತಿದ್ರು. ನನ್ನ ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ತಾಯಿಯ ಹೆಸರು ಹೇಳಿದಳು. ‘ಅಪ್ಪನ ಹೆಸರು ಹೇಳಮ್ಮ’ ಅಂದ್ರು. ಅವಳು ನೆಲ ನೋಡುತ್ತಾ ನಿಂತಳು. ಹಿಂದಿನಿಂದ ಯಾರೋ ‘ಎಲ್ಲವ್ವ ಅಂತ ಬರ್ಕೊಳ್ಳಿ ಸಾ’ ಅಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಎಂಟನೇ ಕ್ಲಾಸಿಗೆ ಅವಳು ಬರಲಿಲ್ಲ.

ಅವಳ ತಾಯಿಗೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿದ್ದರು. ಅಂದರೆ ದೇವದಾಸಿಯಾಗಿ ಬಿಟ್ಟಿದ್ದರು.

ನಮ್ಮ ಸೀಮೆಯ ಜನ ಕೆಟ್ಟವರಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ನಡೆದು ಬರುವವರನ್ನು ದಾರಿಯಲ್ಲಿ ನಿಲ್ಲಿಸಿ ಊಟ, ಮಜ್ಜಿಗೆ ಕೊಡ್ತಾರೆ. ನೀನು ಯಾರ ಮಗ ಅಂತ ಕೇಳಲ್ಲ. ಹಡಗಲಿಯ ಮೈಲಾರಕ್ಕೆ ಕಾರಣಿಕ ಕೇಳೋಕೆ ಲಕ್ಷಾಂತರ ಜನ ಸೇರ್ತಾರೆ. ಆದರೆ ಅದೇ ಹೊತ್ತಿಗೆ, ಭಾರತ ಹುಣ್ಣಿಮೆಗೆ, ಉಚ್ಚಂಗಿದುರ್ಗದ ಗುಡ್ಡದಲ್ಲಿ ಯಾವ ಹುಡುಗಿಗೂ ಮುತ್ತು ಕಟ್ಟದಂತೆ ಪೊಲೀಸರು ಕಾವಲು ನಿಲ್ಲಬೇಕಾಗುತ್ತೆ.

ಕಾನೂನು ಇಲ್ಲ ಅಂತಲ್ಲ. 1953ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಮುತ್ತುಲಕ್ಷ್ಮಿ ರೆಡ್ಡಿಯವರು 1920ರ ದಶಕದಿಂದ ಹೋರಾಡಿದ ಮೇಲೆ ಅಲ್ಲಿ 1947ರಲ್ಲೇ ಈ ಪದ್ಧತಿಗೆ ನಿಷೇಧ ಬಂತು. ಆಮೇಲೆ ಕರ್ನಾಟಕದ 1982ರ ಕಾಯ್ದೆ: ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ, ಹೆತ್ತವರೇ ಕಟ್ಟಿದರೆ 5 ವರ್ಷದವರೆಗೆ ಜೈಲು. ಆದರೂ 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಸಿಕ್ಕ ದೇವದಾಸಿಯರು 46,660. ಹೆಚ್ಚಿನವರು ದಲಿತ ಹೆಣ್ಣುಮಕ್ಕಳು.

ಸಾರ್ವಜನಿಕ ಜೀವನದಲ್ಲಿ ನೀತಿ ಇರಬೇಕು ಅಂತ ಎಲ್ಲ ಕಡೆಯೂ ಹೇಳ್ತಾರೆ. ಅಮೆರಿಕದ ಲೂಸಿಯಾನಾ ರಾಜ್ಯ 2024ರಲ್ಲಿ ಪ್ರತಿ ಸರ್ಕಾರಿ ಶಾಲೆಯ ಕೊಠಡಿಯಲ್ಲೂ ಬೈಬಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕು ಅಂತ ಕಾನೂನು ಮಾಡಿತು. ಆ ಸುದ್ದಿ ಓದಿದಾಗ ನಮ್ಮ ಕ್ಲಾಸಿನ ಗೋಡೆ ನೆನಪಾಗಿತ್ತು. ಅಲ್ಲೂ ನೀಲಿ ಬಣ್ಣದಲ್ಲಿ ನೀತಿಮಾತುಗಳಿದ್ದವು. ಸುಳ್ಳು ಹೇಳಬಾರದು, ಯಾರ ಮನಸ್ಸನ್ನೂ ನೋಯಿಸಬಾರದು. ಅದೇ ಗೋಡೆಯ ಕೆಳಗೆ ಕೂತು ನಾವು ನಕ್ಕಿದ್ದು. ಗೋಡೆ ಮೇಲೆ ಏನು ಬರೆದಿದೆ ಅನ್ನೋದಕ್ಕಿಂತ, ಪ್ರಶ್ನೆ ಯಾರನ್ನು ಕೇಳ್ತೀವಿ ಅನ್ನೋದರಲ್ಲಿ ಊರಿನ ನೀತಿ ಗೊತ್ತಾಗುತ್ತೆ ಅಂತ ನನಗೀಗ ಅನ್ನಿಸುತ್ತೆ.

ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

‘ಅವಳಪ್ಪ ಯಾರಂತ ಊರಿಗೆ ಗೊತ್ತಿತ್ತೇನವ್ವಾ?’

‘ಗೊತ್ತಿರದೆ ಏನಪ್ಪಾ? ನ್ಯಾಯ ಹೇಳಾಕ ಕಟ್ಟಿ ಮ್ಯಾಲೆ ಕುಂದರ್ತಿದ್ದ ಮನಿಷ್ಯಾ.’

‘ಮತ್ತೆ ಅವನನ್ನ ಯಾರೂ ಕೇಳ್ಲಿಲ್ವಾ?’

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಯಾರು ಕೇಳ್ತಾರಪ್ಪಾ? ಕೇಳೋದೆಲ್ಲ ಆಕೀನ್ನ. ನಾನೂ ಕೇಳ್ಲಿಲ್ಲ’ ಅಂದ್ಲು. ಆಮೇಲೆ, ಆ ಹುಡುಗಿ ಈಗ ದಾವಣಗೆರೆಯಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾಳೆ, ಮಗಳನ್ನ ಓದಿಸ್ತಿದ್ದಾಳೆ ಅಂತಾನೂ ಹೇಳಿದ್ಲು.

ಮರುದಿನ ಮೀಟಿಂಗಿನಲ್ಲಿ, ತಾಯಿ, ತಂದೆ ಅಥವಾ ಪೋಷಕರು, ಯಾರಾದರೂ ಒಬ್ಬರ ಹೆಸರು ಸಾಕು ಅಂತ ಮಾಡೋಣ ಅಂದೆ. ‘ಕ್ಲೈಂಟ್ ಕೇಳಿದ್ದು ತಂದೆ ಹೆಸರು, ನಿನಗ್ಯಾಕೆ?’ ಅಂದ್ರು. ಕಾರಣ ಹೇಳಿದೆ. ದೇವದಾಸಿಯರ ಮಕ್ಕಳಿಗೆ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಅನ್ನುವ ಹೊಸ ಮಸೂದೆಯನ್ನು ನಮ್ಮ ವಿಧಾನಸಭೆ 2025ರಲ್ಲಿ ಒಪ್ಪಿದ್ದನ್ನೂ ಹೇಳಿದೆ. ಏಳನೇ ಕ್ಲಾಸಿನ ವಿಷಯ ಮಾತ್ರ ಹೇಳಲಿಲ್ಲ, ಬಾಯಿ ಬರಲಿಲ್ಲ. ನಾಲ್ಕು ಮೇಲ್ ಓಡಾಡಿದ ಮೇಲೆ ಕ್ಲೈಂಟ್ ಒಪ್ಪಿದ್ರು. ನನಗೆ ಹಿಡಿದದ್ದು ಹತ್ತು ನಿಮಿಷದ ಕೆಲಸ.

ನೀವೂ ಇಂಥ ಕೆಲಸದಲ್ಲಿದ್ದರೆ, ನೀವು ಹಾಕಿದ ಕೆಂಪು ನಕ್ಷತ್ರಗಳನ್ನು ಒಮ್ಮೆ ನೋಡಿ. ಯಾರಾದರೂ ಅದರ ಮುಂದೆ ನೆಲ ನೋಡುತ್ತಾ ನಿಂತಿರಬಹುದು.

ತೇರಿಗೆ ಊರಿಗೆ ಹೋಗುವಾಗ ಈ ಸಲ ದಾವಣಗೆರೆಯಲ್ಲಿ ಇಳೀಬೇಕು ಅಂದ್ಕೊಂಡಿದ್ದೀನಿ. ಅವಳಿಗೆ ಏನು ಹೇಳೋದು ಅಂತ ಇನ್ನೂ ಗೊತ್ತಾಗಿಲ್ಲ. ಬಹುಶಃ ಅವಳಿಗೆ ನನ್ನ ಗುರುತೂ ಇರಲಿಕ್ಕಿಲ್ಲ. ಆ ನಗು ಮಾತ್ರ ನೆನಪಿರುತ್ತೆ.