ಲೆಕ್ಕಕ್ಕೆ ಬಂದ ಸಾವುಗಳು

ಮನುಷ್ಯನ ಕಷ್ಟಗಳೆಲ್ಲವೂ ಸಮಾಜದ ಸಮಸ್ಯೆಗಳೆನಿಸುವುದಿಲ್ಲ. ಒಂದು ಮನೆಯ ದುಃಖವು ಸಾಮಾನ್ಯವಾಗಿ ಆ ಮನೆಯ ಹೊಸ್ತಿಲೊಳಗೇ ಉಳಿಯುತ್ತದೆ. ಅಂತಹ ಹಲವು ದುಃಖಗಳನ್ನು ಯಾರಾದರೂ ಒಟ್ಟುಗೂಡಿಸಿ, ಎಣಿಸಿ, ಹೆಸರಿಟ್ಟಾಗ ಅದು ಊರಿನ ಪ್ರಶ್ನೆಯಾಗುತ್ತದೆ. ಸಾಮಾಜಿಕ ಸಮಸ್ಯೆಯು ಸ್ಥಿತಿಯಲ್ಲಿ ತಾನಾಗಿ ಅಡಗಿರುವುದಿಲ್ಲ, ಸಮಾಜವು ಅದನ್ನು ಹಾಗೆಂದು ಗುರುತಿಸಿದಾಗಲೇ ಹುಟ್ಟುತ್ತದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್ 1971ರಲ್ಲಿ ಪ್ರತಿಪಾದಿಸಿದನು. ಹಾಸನ ಜಿಲ್ಲೆಯು 2025ರಲ್ಲಿ ಈ ಮಾತನ್ನು ಕಣ್ಣಾರೆ ಕಂಡಿತು.

ಹೃದಯಾಘಾತವು ಜಿಲ್ಲೆಗೆ ಹೊಸದಾಗಿರಲಿಲ್ಲ. ಆದರೆ ಆ ವರ್ಷದ ಮೇ–ಜೂನ್ ತಿಂಗಳುಗಳಲ್ಲಿ ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಸಾವುಗಳನ್ನು ಒಂದೊಂದಾಗಿ ಎಣಿಸತೊಡಗಿದವು. 40 ದಿನಗಳಲ್ಲಿ 20ಕ್ಕೂ ಹೆಚ್ಚು ಎಂಬ ಸುದ್ದಿ ಹಬ್ಬಿತು. ಸತ್ತವರಲ್ಲಿ ತರುಣರೂ ಇದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಅದೇ ಮನೆಮಾತಾಯಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಸಾಲುಗಳು ಬೆಳೆದವು. ಕೋವಿಡ್ ಲಸಿಕೆಯೇ ಕಾರಣವಿರಬಹುದೆಂಬ ಶಂಕೆಯನ್ನು ಮುಖ್ಯಮಂತ್ರಿಗಳೇ ವ್ಯಕ್ತಪಡಿಸಿದರು. ಅಧ್ಯಯನಗಳಲ್ಲಿ ಅಂತಹ ಸಂಬಂಧ ಕಂಡುಬಂದಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯವು ಉತ್ತರಿಸಿತು.

ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಯ ವರದಿಯು ಜುಲೈ ತಿಂಗಳಲ್ಲಿ ಹೊರಬಂದಿತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಸಂಬಂಧಿಯಾಗಿದ್ದವು. ಉಳಿದ 4ಕ್ಕೆ ಬೇರೆ ಕಾರಣಗಳಿದ್ದವು. ಜಿಲ್ಲೆಯಲ್ಲಿ ಅಸಹಜ ಹೆಚ್ಚಳವೇನೂ ಆಗಿಲ್ಲವೆಂಬುದು ವರದಿಯ ನಿರ್ಣಯ. ಭಯ ತಗ್ಗಿತು, ಚರ್ಚೆಯೂ ತಗ್ಗಿತು.

ಹಾಗಾದರೆ ಎಣಿಸಿದ್ದೇ ತಪ್ಪಾಯಿತೇ? ಎಣಿಸದೆ ಬಿಟ್ಟಾಗ ಏನಾಗುತ್ತದೆಂಬುದಕ್ಕೆ ಕಾಸರಗೋಡಿನ ಗಡಿಗ್ರಾಮ ಪಡ್ರೆಯೇ ಸಾಕ್ಷಿ. ಅಲ್ಲಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಮಕ್ಕಳ ಅಂಗವೈಕಲ್ಯವನ್ನು ಹಲವು ಮನೆಗಳು ದೈವದ ಮುನಿಸೆಂದೇ ಭಾವಿಸಿ ಮೌನವಾಗಿ ಅನುಭವಿಸಿದವು. ವೈದ್ಯ ಡಾ. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಅವರಂತಹವರು ಆ ಮನೆಗಳ ನೋವನ್ನು ಒಂದೆಡೆ ಸೇರಿಸಿ ಹೇಳಿದ ಮೇಲೆಯೇ ಅದು ನಾಡಿನ ಪ್ರಶ್ನೆಯಾಯಿತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂದದ್ದು 2011ರಲ್ಲಿ.

ಹಾಸನದಲ್ಲಿ ಲೆಕ್ಕವು ಅವಸರದ್ದಾಗಿತ್ತು. ಪಡ್ರೆಯಲ್ಲಿ ಲೆಕ್ಕವೇ ಇರಲಿಲ್ಲ. ಅವಸರದ ಲೆಕ್ಕವು ಭಯವನ್ನು ಹುಟ್ಟಿಸುತ್ತದೆ. ಲೆಕ್ಕವಿಲ್ಲದಿರುವುದು ಅನ್ಯಾಯವನ್ನು ಮುಚ್ಚುತ್ತದೆ. ಆದುದರಿಂದ ಬೇಕಾದುದು ಸರಿಯಾದ, ನಿರಂತರವಾದ ಲೆಕ್ಕ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳು ವರದಿಯಾಗಬೇಕು, ಮರಣೋತ್ತರ ಪರೀಕ್ಷೆ ನಡೆಯಬೇಕೆಂದು ಸರ್ಕಾರವು ಅದೇ ಜುಲೈನಲ್ಲಿ ಪ್ರಕಟಿಸಿದುದು ಈ ದೃಷ್ಟಿಯಿಂದ ಮಹತ್ತ್ವದ್ದು.

ಇನ್ನೊಂದು ಮಾತಿದೆ. ‘ಹೆಚ್ಚಳವಿಲ್ಲ’ ಎಂದರೆ ‘ಸಮಸ್ಯೆಯಿಲ್ಲ’ ಎಂದಲ್ಲ. ಈ ವರ್ಷದ ನಷ್ಟವು ಹೋದ ವರ್ಷದಷ್ಟೇ ಇದೆಯೆಂದು ಯಾವ ವರ್ತಕನೂ ನೆಮ್ಮದಿಯಿಂದ ಅಂಗಡಿಯ ಬಾಗಿಲು ಹಾಕುವುದಿಲ್ಲ. ಮೃತರಲ್ಲಿ ಆಟೋ ಮತ್ತು ಕ್ಯಾಬ್ ಚಾಲಕರು ಗಮನಾರ್ಹ ಸಂಖ್ಯೆಯಲ್ಲಿದ್ದರೆಂಬುದೂ ಆಗ ತಿಳಿದುಬಂದಿತು. ಹೊತ್ತುಮೀರಿದ ದುಡಿಮೆ, ಕೆಟ್ಟ ನಿದ್ರೆ, ಧೂಮಪಾನ, ಅಳೆಸದ ರಕ್ತದೊತ್ತಡ, ಎದೆನೋವನ್ನು ವಾಯುವೆಂದು ಕಡೆಗಣಿಸಿ ಕಳೆಯುವ ಗಂಟೆಗಳು – ಇವು ಸುದ್ದಿಯಾಗುವಷ್ಟು ಹೊಸತಲ್ಲ. ಹಳೆಯವೆಂಬ ಕಾರಣಕ್ಕೇ ಇವು ಸಮಸ್ಯೆಯೆಂಬ ಹೆಸರನ್ನು ಪಡೆಯುವುದಿಲ್ಲ.

ಸಮಾಜದ ವಿವೇಕವನ್ನು ಅದು ಯಾವುದಕ್ಕೆ ಬೆಚ್ಚಿಬಿದ್ದಿತೆಂಬುದರಿಂದ ಅಳೆಯಲಾಗದು. ಯಾವುದಕ್ಕೆ ಒಗ್ಗಿಹೋಗಿದೆಯೆಂಬುದರಿಂದ ಅಳೆಯಬೇಕು. ಜುಲೈ ಕಳೆದ ಮೇಲೆ ಆ ಸಾಲುಗಳು ಕರಗಿದವು. ಸಾಲಿನಲ್ಲಿ ನಿಲ್ಲಲು ಒಂದು ದಿನದ ಬಾಡಿಗೆಯನ್ನು ಬಿಡಲಾರದ ಚಾಲಕನ ಎದೆಯನ್ನು ಪರೀಕ್ಷಿಸುವ ಕೆಲಸ ಮಾತ್ರ ಬಾಕಿಯ ಬಾಬಿನಲ್ಲಿ ಉಳಿಯಿತು.