ಹೊರಗಿನ ರತ್ನ, ಒಳಗಿನ ರತ್ನ

ನಮ್ಮ ಸೋದರತ್ತೆಗೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವಷ್ಟು ಬರುತ್ತಿತ್ತು. ಒಂದು ದಿನ ನನ್ನ ಎಚ್‌ಎಂಟಿ ಜನತಾ ಕೈಗಡಿಯಾರದ ಮುಖದ ಮೇಲೆ ‘೧೭ ಜ್ಯೂಯೆಲ್ಸ್’ ಎಂದಿದ್ದುದನ್ನು ಓದಿ ಬೆರಗಾದರು. ಮನೆಯಲ್ಲಿ ಹುಡುಗಿಯ ಮದುವೆಯ ಮಾತು ನಡೆದಿದ್ದ ಕಾಲ. “ಹದಿನೇಳು ರತ್ನಗಳೇ! ಒಂದನ್ನು ತೆಗೆಸಿ ಮೂಗುಬೊಟ್ಟಿಗೆ ಕೊಡಬಾರದೇನೋ?” ಎಂದರು.

ಅವು ಎಳ್ಳುಕಾಳಿನಂತಹ ಕೃತಕ ಮಾಣಿಕ್ಯಗಳು. ಉಕ್ಕಿನ ಅಚ್ಚು ಹಿತ್ತಾಳೆಯ ತೂತಿನಲ್ಲಿ ತಿರುಗುತ್ತಿದ್ದರೆ ತೂತು ಸವೆದು ಅಗಲವಾಗುತ್ತದೆ, ಗಡಿಯಾರ ಕಾಲ ತಪ್ಪುತ್ತದೆ. ಮಾಣಿಕ್ಯವಾದರೋ ಗಡಸುತನದಲ್ಲಿ ವಜ್ರದ ಬೆನ್ನಿಗೇ ನಿಲ್ಲುವ ಕಲ್ಲು, ಸುಲಭವಾಗಿ ಸವೆಯದು. ಗಡಿಯಾರಕ್ಕಾಗಿ ಅದನ್ನು ಕೊರೆದು ಬಳಸುವ ವಿದ್ಯೆಗೆ ೧೭೦೪ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ದೊರೆಯಿತು. ೧೯೦೨ರಲ್ಲಿ ಫ್ರಾನ್ಸಿನ ವೆರ್ನಯ್ ಎಂಬಾತ ಮಾಣಿಕ್ಯವನ್ನು ಬೆಂಕಿಯಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದ ತರುವಾಯ ಅದು ಗುಮಾಸ್ತನ ಮಣಿಕಟ್ಟಿಗೂ ಇಳಿದುಬಂತು. (ಮೂಗುಬೊಟ್ಟನ್ನು ಸಾಲ ಮಾಡಿಯೇ ಮಾಡಿಸಿದೆವೆನ್ನಿ.)

ಆದರೆ ಅತ್ತೆಯವರು ಊಹಿಸಿದಂತಹ ಗಡಿಯಾರ ಲೋಕದಲ್ಲಿ ಇಲ್ಲದಿಲ್ಲ. ೧೯೧೨ರಲ್ಲಿ ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಹಳೆಯ ಕಟ್ಟಡಗಳನ್ನು ಕೆಡಹುತ್ತಿದ್ದ ಕೂಲಿಗಳಿಗೆ ನೆಲದಡಿಯಲ್ಲಿ ಒಂದು ನಿಧಿ ಸಿಕ್ಕಿತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಯಾರೋ ಹೂತಿಟ್ಟ ಆಭರಣಗಳು. ಇಟ್ಟವರು ಮರಳಿ ಬರಲೇ ಇಲ್ಲ. ಅವುಗಳ ನಡುವೆ ಸುಮಾರು ೧೬೦೦ರಷ್ಟು ಹಳೆಯದಾದ ಒಂದು ಗಡಿಯಾರ. ಅದರ ಡಬ್ಬಿ ಚಿನ್ನದ್ದಲ್ಲ, ಕೊಲಂಬಿಯಾ ದೇಶದ ಪಚ್ಚೆ! ಆರು ಮೂಲೆಯ ದೊಡ್ಡ ಹರಳನ್ನು ಒಳಗಿನಿಂದ ತೋಡಿ ಯಂತ್ರವನ್ನು ಕೂರಿಸಿದ್ದಾರೆ. ಮುಚ್ಚಳವೂ ಪಚ್ಚೆಯೇ ಆದುದರಿಂದ, ತೆರೆಯದೆಯೇ ಗಂಟೆಯನ್ನು ನೋಡಬಹುದಾಗಿತ್ತು. ಪಚ್ಚೆಯೋ, ಒಡಲಲ್ಲೇ ಬಿರುಕುಗಳನ್ನು ಹೊತ್ತು ಹುಟ್ಟುವ ಕಲ್ಲು. ಕೊನೆಯ ಪದರ ತೋಡುವಾಗ ಕೈ ತಪ್ಪಿದ್ದರೆ ಅದುವರೆಗಿನ ದುಡಿಮೆಯೆಲ್ಲ ಚೂರು. ಆ ಕುಶಲಿ ಎಷ್ಟು ಸಲ ಉಸಿರು ಬಿಗಿಹಿಡಿದನೋ!

ಆ ಕಾಲದಲ್ಲಿ ಮಾಣಿಕ್ಯ ಇನ್ನೂ ಯಂತ್ರದೊಳಕ್ಕೆ ಇಳಿದಿರಲಿಲ್ಲ. ರತ್ನಗಳೆಲ್ಲ ಹೊರಗಿನ ಸಿಂಗಾರಕ್ಕೆ. ಸಾಮಾನ್ಯವಾಗಿ ಗಡಿಯಾರಕ್ಕೆ ಇದ್ದುದೂ ಗಂಟೆಯ ಮುಳ್ಳೊಂದೇ. ಸ್ವಲ್ಪ ಹಿಂದುಮುಂದಾದರೂ ಕೇಳುವವರಿರಲಿಲ್ಲ, ಶ್ರೀಮಂತರಿಗೆ ಅವಸರವೇನು?

ನೋಡಿದವರು ಪಚ್ಚೆಯನ್ನು ಹೊಗಳುತ್ತಾರೆ, ಅದು ನ್ಯಾಯವೇ. ನನಗೆ ಮಾತ್ರ ಅದರೊಳಗೆ ಹಲ್ಲಿಗೆ ಹಲ್ಲು ಕೂಡಿಸಿ ಚಕ್ರಗಳನ್ನು ಜೋಡಿಸಿದವನ ಮೇಲೆ ಕನಿಕರ. ಕಲ್ಲು ತೋಡಿದವನ ಕೆಲಸ ನಾನೂರು ವರ್ಷಗಳ ಮೇಲೂ ಕಣ್ಣು ಕೋರೈಸುತ್ತಿದೆ. ಇವನ ಯಂತ್ರ ತುಕ್ಕು ಹಿಡಿದು ಡಬ್ಬಿಗೇ ಅಂಟಿಕೊಂಡಿದೆ. ಹೊರಗೆ ತೆಗೆಯುವಂತೆಯೇ ಇಲ್ಲ.