ಕೊಟ್ಟವರ ಪಟ್ಟಿ

ಚಂದಾ ಎತ್ತುವವರಲ್ಲಿ ಎರಡೇ ಜಾತಿ ಎಂಬ ಮಾತು ನಮ್ಮ ಬಡಾವಣೆಯಲ್ಲಿತ್ತು: ತಿಂದವರು ಮತ್ತು ಇನ್ನೂ ತಿನ್ನದವರು. ರಾಜ್ಯೋತ್ಸವ ಮುಗಿದ ವಾರ ಹಾಲಿನ ಬೂತಿನ ಹತ್ತಿರ ಐದು ನಿಮಿಷ ನಿಂತರೆ ಸಾಕು, ಆರ್ಕೆಸ್ಟ್ರಾಗೆ ಕೊಟ್ಟದ್ದೆಷ್ಟು, ಷಾಮಿಯಾನಕ್ಕೆ ಬರೆದದ್ದೆಷ್ಟು, ನಡುವೆ ಜಾರಿದ್ದೆಷ್ಟು ಎಂಬ ಲೆಕ್ಕ ಪುಕ್ಕಟೆ ಸಿಗುತ್ತಿತ್ತು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತನಾದ ನನ್ನನ್ನು ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಮಾಡಿದ್ದೇ ಈ ಬಾಯಿಗಳಿಗೆ ಬೀಗ ಬೀಳಲಿ ಎಂದು. ದುಡ್ಡಿನ ವಿಷಯದಲ್ಲಿ ಎಲ್ಲವನ್ನೂ ಬಯಲಿಗಿಟ್ಟರೆ ಯಾರೂ ಸೊಲ್ಲೆತ್ತುವಂತಿಲ್ಲ ಎಂದು ನನ್ನ ಕೆಲಸ ನನಗೆ ಕಲಿಸಿತ್ತು. ಆ ಪಾಠವನ್ನು ಬಳಸಬಾರದ ಕಡೆ ಬಳಸಿ, ಚೆನ್ನಾಗಿ ನಡೆದುಕೊಂಡು ಹೋಗುತ್ತಿದ್ದ ಒಂದು ಹಬ್ಬವನ್ನು ನಾನು ಕೆಡಿಸಿದೆ. ಈ ನವೆಂಬರಿಗೆ ಪಟ್ಟಿ ಅಂಟಿಸಲು ಹೊರಟಿರುವ ಕಾರ್ಯದರ್ಶಿಗಳು ಯಾರಾದರೂ ಇದ್ದರೆ ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಗೃಹನಿರ್ಮಾಣ ಸಹಕಾರ ಸಂಘವೊಂದು ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿ ಹಂಚಿದ ಮೂವತ್ತು-ನಲವತ್ತರ ಸೈಟುಗಳ ಬಡಾವಣೆ ನಮ್ಮದು. ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ, ತಾರಸಿಯ ಮೇಲೊಂದು ಒಂಟಿ ಕೋಣೆ. ಹೆಚ್ಚುಕಡಿಮೆ ಎಲ್ಲ ಮನೆಗಳದೂ ಇದೇ ಅಚ್ಚು. ತಲೆ ಎಣಿಸಿದರೆ ಬಾಡಿಗೆದಾರರೇ ಹೆಚ್ಚು. ಆದರೆ ಸಂಘದ ಬೈಲಾ ಪ್ರಕಾರ ಸದಸ್ಯತ್ವ ಸೈಟಿನ ಮಾಲೀಕರಿಗೆ ಮಾತ್ರ. ನೀರು, ಕಸ, ಡಾಂಬರು, ಪಾರ್ಕಿನ ಬೀಗದ ಕೈ, ಯಾವುದರ ಸಭೆಯಲ್ಲೂ ಮೇಲಿನ ಮನೆಯವರಿಗೆ ಕುರ್ಚಿಯಿಲ್ಲ. ಈ ವ್ಯವಸ್ಥೆಗೆ ಇದ್ದ ಒಂದೇ ಒಂದು ಅಪವಾದ ಎಂದರೆ ರಾಜ್ಯೋತ್ಸವದ ಅಲಂಕಾರ.

ಅದನ್ನು ನಡೆಸುತ್ತಿದ್ದವರು ಮೂರನೇ ಕ್ರಾಸಿನ ಟೀಚರಮ್ಮ. ಅವರೂ ಬಾಡಿಗೆ ಮನೆಯವರೇ. ದಸರಾ ರಜೆ ಮುಗಿಯುತ್ತಿದ್ದಂತೆ ಅವರ ವರಾಂಡದಲ್ಲಿ ಮಕ್ಕಳ ಸಂತೆ ನೆರೆಯುತ್ತಿತ್ತು. ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿರುತ್ತಿತ್ತು. ಹಳದಿ, ಕೆಂಪು ಕಾಗದವನ್ನು ಮುಮ್ಮೂಲೆಯಾಗಿ ಕತ್ತರಿಸಿ ದಾರಕ್ಕೆ ಅಂಟಿಸುವ ಕೆಲಸ. ಕತ್ತರಿ ಆಡಿಸುತ್ತಲೇ ಟೀಚರಮ್ಮ ಪಾಠವನ್ನೂ ಮುಗಿಸುತ್ತಿದ್ದರು: ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು 1956ರ ನವೆಂಬರ್ 1ರಂದು ಒಂದಾಯಿತು, ಆದರೆ ಆಗ ಅದರ ಹೆಸರು ಮೈಸೂರು ರಾಜ್ಯ, ಕರ್ನಾಟಕ ಎಂದಾದದ್ದು 1973ರಲ್ಲಿ, ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ, ಅದನ್ನು ರೂಪಿಸಿದವರು ಮ. ರಾಮಮೂರ್ತಿ. ಉತ್ತರ ತಪ್ಪಿದವರಿಗೆ ಅಂಟು ಕಲಸುವ ಶಿಕ್ಷೆ. ಅದು ಶಿಕ್ಷೆ ಎಂದು ಯಾವ ಮಗುವಿಗೂ ಅನ್ನಿಸಿದ್ದನ್ನು ನಾನು ಕಾಣೆ.

ವೇದಿಕೆಯ ಹಿಂದಿನ ಪರದೆಯನ್ನು ಬಾಡಿಗೆಗೆ ತರುವ ಪದ್ಧತಿ ಇರಲಿಲ್ಲ. ಮನೆಮನೆಯಿಂದ ಹಳದಿ, ಕೆಂಪು ಸೀರೆಗಳು ಬರುತ್ತಿದ್ದವು. ಇಸ್ತ್ರಿ ಅಂಗಡಿಯವರು ಒಂದು ದಿನ ಬೇರೆ ಬಟ್ಟೆ ಮುಟ್ಟದೆ ಅಷ್ಟನ್ನೂ ಉಜ್ಜಿ ಕೊಡುತ್ತಿದ್ದರು, ದುಡ್ಡು ಕೇಳುತ್ತಿರಲಿಲ್ಲ. ಒಂದು ಮೈಸೂರು ಸಿಲ್ಕ್, ಅದರ ಪಕ್ಕದ್ದು ಫುಟ್‌ಪಾತಿನ ಪಾಲಿಯೆಸ್ಟರ್. ಸೆರಗು ಒಳಮಡಿಸಿ, ನೆರಿಗೆ ಹಿಡಿದು, ಅಡ್ಡಗಳುವಿನಿಂದ ಇಳಿಬಿಟ್ಟ ಮೇಲೆ ಭುವನೇಶ್ವರಿಯ ಪಟದ ಹಿಂದೆ ಯಾವುದು ಯಾರದ್ದೆಂದು ಹೇಳುವುದು ಕಷ್ಟ. ದೀಪಕ್ಕೂ ಅಷ್ಟೆ. ಅವರವರ ಬಾಲ್ಕನಿಗೆ ಅವರವರ ಸೀರಿಯಲ್ ಸೆಟ್, ಅವರವರ ಮನೆಯದೇ ಪ್ಲಗ್ಗು. ದೀಪಾವಳಿಗೆ ಕಟ್ಟಿದ್ದನ್ನೇ ಬಿಚ್ಚದೆ ಮುಂದುವರಿಸಿದರೆ ಆಯಿತು.

ದುಡ್ಡಿಗೆ ಒಂದು ಬಿಸ್ಕತ್ತಿನ ಡಬ್ಬಿ, ಮುಚ್ಚಳದಲ್ಲಿ ಕೊರೆದ ಸೀಳು. ಮಕ್ಕಳು ಬಾಗಿಲಿಗೆ ತಂದಾಗ ಯಾರು ಏನು ಹಾಕಿದರೆಂದು ಹಾಕಿದ ಕೈಗೆ ಮಾತ್ರ ಗೊತ್ತು. ರಸೀದಿಯಿಲ್ಲ, ಲೆಡ್ಜರಿಲ್ಲ, ಒಂದು ಸಹಿಯೂ ಇಲ್ಲ. ಬ್ಯಾಂಕಿನವನ ಕಣ್ಣಿಗೆ ಇದು ಹಬ್ಬವಲ್ಲ, ಆಡಿಟ್ ಆಕ್ಷೇಪಣೆ.

ಅಧಿಕಾರಕ್ಕೆ ಬಂದ ವರ್ಷವೇ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಮೂರು ಪ್ರತಿಯ ರಸೀದಿ ಪುಸ್ತಕ ಅಚ್ಚು ಹಾಕಿಸಿದೆ. ಚಂದಾ ಕನಿಷ್ಠ ₹500 ಎಂದು ಗೊತ್ತು ಮಾಡಿದೆ. ಎಲ್ಲಕ್ಕಿಂತ ಹೆಮ್ಮೆಪಟ್ಟ ಸುಧಾರಣೆ ಎಂದರೆ ಪಾರ್ಕಿನ ಗೇಟಿನ ಪಕ್ಕದ ಗಾಜಿನ ಸೂಚನಾ ಫಲಕದಲ್ಲಿ ಕೊಟ್ಟವರ ಪಟ್ಟಿ: ಹೆಸರು, ಮನೆ ನಂಬರು, ಮೊತ್ತ. ದೊಡ್ಡ ಮೊತ್ತ ಮೇಲೆ, ಚಿಕ್ಕದು ಕೆಳಗೆ. ‘ನುಡಿ’ಯಲ್ಲಿ ನಾನೇ ಟೈಪು ಮಾಡಿದ, ಒಂದು ಇಂಗ್ಲಿಷ್ ಅಕ್ಷರವೂ ಇಲ್ಲದ ಅಚ್ಚಗನ್ನಡದ ಪಟ್ಟಿ.

ಟೀಚರಮ್ಮ ಸಭೆಗೆ ಬರುವಂತಿರಲಿಲ್ಲ. ಮನೆಗೇ ಬಂದು, “ಸಾರ್, ಎಲ್ಲರ ಹೆಸರೂ ಹಾಕಲೇಬೇಕಾ?” ಎಂದು ಕೇಳಿದರು. ನನ್ನ ಬಳಿ ಉತ್ತರ ಸಿದ್ಧವಿತ್ತು. ಬೇಲೂರು ತಾಲ್ಲೂಕಿನಲ್ಲಿ ಸಿಕ್ಕ ಹಲ್ಮಿಡಿ ಶಾಸನವೇ ದತ್ತಿಯನ್ನು ದಾಖಲಿಸಿದ ಕಲ್ಲು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನಿಗೆ ಹಳ್ಳಿಗಳನ್ನು ಕೊಟ್ಟ ಸಂಗತಿ ಅದರಲ್ಲಿದೆ. ಕೊಟ್ಟದ್ದನ್ನು ಬರೆದಿಡುವುದು ಕನ್ನಡಿಗರಿಗೆ ಹೊಸದೇನಲ್ಲ ಟೀಚರಮ್ಮ, ಎಂದೆ. ಅವರು ನಕ್ಕು ಸುಮ್ಮನಾದರು. ಶಾಸನ ಹಾಕಿಸಿದವರು ಒಂದು ದಾನವನ್ನು ಬರೆಸಿದರೇ ಹೊರತು, ಊರಿನಲ್ಲಿ ಯಾರ್ಯಾರು ಅದಕ್ಕಿಂತ ಕಡಿಮೆ ಕೊಟ್ಟರೆಂದು ಸಾಲುಸಾಲಾಗಿ ಕೆತ್ತಿಸಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೊದಲ ವರ್ಷ ಪಟ್ಟಿ ಭರ್ಜರಿಯಾಗಿ ಫಲ ಕೊಟ್ಟಿತು. ಎದುರು ಮನೆಯವರು ಎರಡು ಸಾವಿರ ಕೊಟ್ಟದ್ದು ಕಂಡು ಈಚೆ ಮನೆಯವರು ಎರಡೂವರೆ ಕೊಟ್ಟರು. ಸಂಘ ಹಿಂದೆಂದೂ ಕಾಣದ ಮೊತ್ತ ಬಂತು. ಅದನ್ನು ಖರ್ಚು ಮಾಡಬೇಕಲ್ಲ, ಡೆಕೊರೇಶನ್ ಗುತ್ತಿಗೆದಾರರನ್ನು ಕರೆಸಿದೆವು. ಕ್ರಾಸಿಗೊಂದು ಕಮಾನು, ಬಣ್ಣ ಬದಲಿಸುವ ಎಲ್‌ಇಡಿ ಪರದೆ, ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ, ಅದು ಕೈಕೊಟ್ಟರೆ ಎಂದು ಜನರೇಟರು. ಸೀರೆಗಳು ಬೇಡವಾದವು. ಮಕ್ಕಳು ಅಂಟಿಸಿದ ತೋರಣ ಗುತ್ತಿಗೆದಾರರ ‘ಥೀಮ್’ಗೆ ಹೊಂದಲಿಲ್ಲ, ಟೀಚರಮ್ಮನ ವರಾಂಡದಲ್ಲೇ ಉಳಿಯಿತು. ಹತ್ತು ಗಂಟೆಗೆ ಸರಿಯಾಗಿ ಮೈಕು ನಿಲ್ಲಿಸಿ, ಮರುವಾರ ಪೈಸೆ ಪೈಸೆಯ ಜಮಾ-ಖರ್ಚು ಮಂಡಿಸಿ ಚಪ್ಪಾಳೆ ಗಿಟ್ಟಿಸಿದೆ.

ಪಟ್ಟಿಯ ತಲೆಯಲ್ಲಿ ಮೊದಲು ತೊಂದರೆ ಕಾಣಿಸಿತು. ಐವತ್ತು ಸಾವಿರದ ಒಂದು ರೂಪಾಯಿ ಕೊಟ್ಟು ಮೊದಲ ಸಾಲಿನಲ್ಲಿ ಕೂತವರಿಗೆ ಪಾಲಿಕೆ ಚುನಾವಣೆಯ ಟಿಕೆಟ್ಟಿನ ಮೇಲೆ ಕಣ್ಣು. ಫಲಕದಲ್ಲಿ ಹೆಸರಿದ್ದರೆ ಅವರಿಗೆ ಸಾಲದಾಯಿತು, ಮುಖವೂ ಬೇಕಾಯಿತು. ಹೈಕೋರ್ಟ್ ಗದರಿದ ಮೇಲೆ 2018ರಲ್ಲೇ ಪಾಲಿಕೆ ಫ್ಲೆಕ್ಸ್ ನಿಷೇಧಿಸಿತ್ತು. ಬಟ್ಟೆಯ ಮೇಲೆ ಮುದ್ರಿಸಿದರೆ ಫ್ಲೆಕ್ಸ್ ಅಲ್ಲವಲ್ಲ ಎಂದರು. ಬ್ಯಾನರು ಬಂದಾಗ ಎಡಮೂಲೆಯಲ್ಲಿ ಭುವನೇಶ್ವರಿ ಅಂಗೈಯಗಲ, ಬಲಕ್ಕೆ ಕೈಮುಗಿದ ದಾನಿ ಆಳೆತ್ತರ. ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿದವನೇ ನಾನು.

ಪಟ್ಟಿಯ ಬುಡದಲ್ಲಿ ಆದದ್ದನ್ನು ನಾನು ಎದುರಿಗೇ ನೋಡಿದೆ. ಕೊನೆಯ ಕ್ರಾಸಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಒಡಿಶಾದ ಸೆಕ್ಯುರಿಟಿಯೊಬ್ಬರು ಸಂಸಾರ ಸಮೇತ ಕಾವಲಿದ್ದರು. ಕನಿಷ್ಠ ಐನೂರು ಎಂದು ತಿಳಿಯದೆ ನೂರು ರೂಪಾಯಿ ತಂದುಕೊಟ್ಟಿದ್ದರು. ನಿಯಮ ಸಡಿಲಿಸಿ ರಸೀದಿ ಹರಿದುಕೊಟ್ಟೆ, ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿಕೊಂಡೆ. ಪಟ್ಟಿಯಲ್ಲಿ ಅವರದು ಕಟ್ಟಕಡೆಯ ಸಾಲು. ಒಂದು ಸಂಜೆ ಪಾರ್ಕಿನ ಬೀಗ ಹಾಕಲು ಹೋದಾಗ ಅಪ್ಪ, ಮಗ ಫಲಕದ ಮುಂದೆ ನಿಂತಿದ್ದರು. ಅಪ್ಪನಿಗೆ ಕನ್ನಡ ಓದಲು ಬಾರದು. ಮಗ ನಮ್ಮ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಗಾಜಿನ ಮೇಲೆ ಬೆರಳಿಟ್ಟು ಮೊದಲ ಸಾಲಿನಿಂದ ಕಾಗುಣಿತ ಕೂಡಿಸಿಕೊಂಡು ಓದುತ್ತಿದ್ದ: ಹೆಸರು, ಮನೆ ನಂಬರು, ಮೊತ್ತ, ಮತ್ತೆ ಹೆಸರು, ಮನೆ ನಂಬರು, ಮೊತ್ತ. ಅಪ್ಪ ತಮ್ಮ ಹೆಸರು ಈಗ ಬಂದೀತು, ಇನ್ನೇನು ಬಂದೀತು ಎಂದು ಕಾಯುತ್ತಿದ್ದರು. ಸಾವಿರಗಳು ಮುಗಿದವು, ಐನೂರುಗಳ ಉದ್ದನೆಯ ಸಾಲು ಮುಗಿಯಿತು. ಕೊನೆಗೆ ಅಪ್ಪನ ಹೆಸರು ಸಿಕ್ಕ ಖುಷಿಗೆ ಹುಡುಗ ಅದನ್ನು ಕೂಗಿಯೇ ಓದಿದ. ನೂರು ಎಂಬುದನ್ನೂ ಓದಿದ. ಅಪ್ಪ ಅವನ ಬೆರಳನ್ನು ಗಾಜಿನಿಂದ ತೆಗೆದರು, ಹಿಂತಿರುಗಿದಾಗ ನನ್ನನ್ನು ಕಂಡು ಸೆಲ್ಯೂಟ್ ಹೊಡೆದರು. ಆ ಮಗು ಕನ್ನಡ ಓದಲು ಕಲಿತದ್ದು ಮೆಚ್ಚುವ ಸಂಗತಿ, ಅದೂ ನವೆಂಬರಿನಲ್ಲಿ. ಓದಲು ನಾನು ಅವನಿಗೆ ಕೊಟ್ಟದ್ದು ಇದನ್ನು.

ಆಗಲೂ ಪಟ್ಟಿ ಹರಿದು ಹಾಕಲಿಲ್ಲ. ಅಕ್ಷರಾನುಕ್ರಮದಲ್ಲಿ ಹಾಕಿದರೆ ಸರಿಹೋದೀತು ಎಂದುಕೊಂಡೆ. ಮರುವರ್ಷ ಹಾಗೆಯೇ ಮಾಡಿದೆ. ಹೆಸರಿನ ಕ್ರಮ ಬದಲಾದರೇನು, ಕಣ್ಣು ಓದುವುದು ಅಂಕಿಯನ್ನೇ. ಹಿಂದಿನ ವರ್ಷ ಐದು ಸಾವಿರ ಕೊಟ್ಟವರು, “ಎರಡೆರಡು ಕಾರಿರುವವರೇ ಸಾವಿರ ಕೊಟ್ಟಿದ್ದಾರೆ, ನನಗ್ಯಾಕೆ ಹೆಚ್ಚುಗಾರಿಕೆ?” ಎಂದು ಸಾವಿರಕ್ಕೆ ಇಳಿದರು. ಪಟ್ಟಿ ಎಲ್ಲರ ಕೈಗೂ ಒಂದು ಅಳತೆಗೋಲು ಕೊಟ್ಟಿತ್ತು. ಮೊದಲ ವರ್ಷ ಅದರಿಂದ ಏರಿದವರೆಲ್ಲ ಎರಡನೆಯ ವರ್ಷ ಅದನ್ನೇ ಹಿಡಿದು ಇಳಿದರು. ಐನೂರು ಕೊಡಲಾರದವರು ಐವತ್ತು ಕೊಟ್ಟು ಫಲಕವೇರುವ ಬದಲು ಬಾಗಿಲು ಹಾಕಿಕೊಂಡರು. ದುಡ್ಡು ಸಾಲದೆ ಮತ್ತೆ ಸೀರೆ ಕೇಳಲು ಹೋದರೆ, “ಗುತ್ತಿಗೆ ಕೊಟ್ಟಿದ್ದೀರಲ್ಲ ಸಾರ್” ಎಂಬ ಉತ್ತರ. ಇಸ್ತ್ರಿ ಅಂಗಡಿಯವರು ಇಲ್ಲ ಎನ್ನಲಿಲ್ಲ, ಸೀರೆಗಿಷ್ಟು ಎಂದು ರೇಟು ಹೇಳಿದರು. ತಪ್ಪೇನಿಲ್ಲ. ಅಷ್ಟು ವರ್ಷ ಅವರು ಕೊಟ್ಟದ್ದಕ್ಕೆ ನನ್ನ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ. ಎಲ್ಲಕ್ಕೂ ಅಂಕಿ ಬೇಕೆಂದವನು ನಾನು. ಅವರೂ ಅಂಕಿ ಹೇಳಿದರು.

ಆ ನವೆಂಬರಿನಲ್ಲಿ ಬೀದಿಯ ತುದಿಯಲ್ಲಿ ನಿಂತು ನೋಡಿದರೆ ಕೆಳಗಿನ ಮನೆಗಳ ಕಾಂಪೌಂಡಿನ ಮೇಲಷ್ಟೇ ಬೆಳಕು. ಮೇಲಿನ ಎರಡೂ ಅಂತಸ್ತುಗಳ ಬಾಲ್ಕನಿಗಳು ಕತ್ತಲು. ಮಾಲೀಕರು ಯಾರು, ಬಾಡಿಗೆದಾರರು ಯಾರು ಎಂಬುದು ಬೈಲಾದಲ್ಲಿದ್ದಷ್ಟೇ ಸ್ಪಷ್ಟವಾಗಿ ಬೀದಿಯಲ್ಲೂ ಕಾಣುತ್ತಿತ್ತು.

ಮನೆಯಲ್ಲಿ ಗೊಣಗುತ್ತಾ ಕೂತಿದ್ದೆ. ಪಾರದರ್ಶಕತೆ ಯಾರಿಗೂ ಬೇಡ, ಜನ ಸರಿಯಿಲ್ಲ, ಇತ್ಯಾದಿ. ಹೆಂಡತಿ ಸೊಪ್ಪು ಬಿಡಿಸುತ್ತಲೇ ಹೇಳಿದಳು: “ಅಲ್ಲಾ ರೀ, ಮದುವೆಯಲ್ಲಿ ಮುಯ್ಯಿ ಬರೆಸುತ್ತೀವಿ. ಯಾರು ಎಷ್ಟು ಹಾಕಿದರು ಅಂತ ಒಂದೂ ಬಿಡದೆ ಬರೆಸುತ್ತೀವಿ. ಆ ಪುಸ್ತಕ ಟ್ರಂಕಿನಲ್ಲಿರತ್ತೆ. ಛತ್ರದ ಬಾಗಿಲಿಗೆ ಅಂಟಿಸ್ತಾರಾ?”

ನಾನು ಓದಿದ ಯಾವ ಆಡಿಟ್ ಕೈಪಿಡಿಯಲ್ಲೂ ಈ ವ್ಯತ್ಯಾಸ ಇಷ್ಟು ನೇರವಾಗಿ ಇರಲಿಲ್ಲ. ಬರೆಯುವುದು ಬೇರೆ, ಅಂಟಿಸುವುದು ಬೇರೆ. ಇದು ನನಗೆ ಹೊಸ ವಿಷಯವೂ ಅಲ್ಲ. ನೌಕರಿಯಲ್ಲಿದ್ದಾಗ ಮುಜರಾಯಿ ದೇವಸ್ಥಾನಗಳ ಹುಂಡಿ ಎಣಿಕೆಗೆ ಬ್ಯಾಂಕಿನಿಂದ ನನ್ನನ್ನೂ ಕಳಿಸುತ್ತಿದ್ದರು. ಅಧಿಕಾರಿಗಳ ಎದುರು ಸೀಲು ಒಡೆದು, ಚಾಪೆಯ ಮೇಲೆ ಸುರಿದು, ಎಲ್ಲರೂ ಕೂತು ಎಣಿಸಿ, ಒಟ್ಟು ಮೊತ್ತವನ್ನು ಪತ್ರಿಕೆಗೂ ಹೇಳುತ್ತಾರೆ. ಆ ರಾಶಿಯಲ್ಲಿ ಸುರುಳಿ ಸುತ್ತಿದ ಹತ್ತರ ನೋಟು ಯಾರದ್ದೆಂದು ಯಾರೂ ಕೇಳುವುದಿಲ್ಲ. ಕಾನೂನೂ ನನ್ನನ್ನು ಪಟ್ಟಿ ಕೇಳಿರಲಿಲ್ಲ. 1960ರ ಸಂಘಗಳ ನೋಂದಣಿ ಕಾಯಿದೆಯಡಿ ನಾವು ಒಪ್ಪಿಸಬೇಕಾದದ್ದು ಆಡಿಟ್ ಆದ ಜಮಾ-ಖರ್ಚು. ಮನೆ ನಂಬರು ಸಮೇತ ಬಡವರ ಹೆಸರನ್ನು ಗೇಟಿನಲ್ಲಿ ತೂಗುಹಾಕಿ ಎಂದು ಅದು ಹೇಳಿಲ್ಲ.

ಹಾಗಾದರೆ ಯಾರಿಗಾಗಿ ಅಂಟಿಸಿದೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗಾಗಿ. ನನ್ನನ್ನು ತಿಂದವನು ಎನ್ನಬಾರದು ಎಂಬ ಭಯಕ್ಕೆ ನಾನು ಅಡ್ಡ ಹಿಡಿದ ಗುರಾಣಿ ಅದು. ಅನುಮಾನ ಇದ್ದದ್ದು ಖರ್ಚು ಮಾಡುವವರ ಮೇಲೆ. ಬೆತ್ತಲಾದವರು ಕೊಟ್ಟವರು.

ಮೂರನೆಯ ವರ್ಷ ಫಲಕವನ್ನು ತಿರುಗುಮುರುಗು ಮಾಡಿದೆ. ಈಗ ಅದರಲ್ಲಿ ಬಂದ ಒಟ್ಟು ಮೊತ್ತ ಒಂದೇ ಸಾಲು. ಉಳಿದ ಜಾಗವೆಲ್ಲ ಖರ್ಚಿನ ಬಿಲ್ಲುಗಳಿಗೆ. ಷಾಮಿಯಾನದ ಬಿಲ್ಲು, ಮೈಕಿನ ಬಿಲ್ಲು, ಕೇಸರಿಬಾತಿನ ರವೆ-ಸಕ್ಕರೆಯ ಚೀಟಿ, ಎಲ್ಲದರ ನಕಲು. ಕನಿಷ್ಠ ಚಂದಾ ಇಲ್ಲ. ಡಬ್ಬಿ ಅಟ್ಟದಿಂದ ಇಳಿದಿದೆ, ಮೇಲೊಂದು ಸೀಲು ಬಿದ್ದಿದೆ; ಒಡೆದು ಎಣಿಸುವಾಗ ಮಾಲೀಕರ ಪರವಾಗಿ ಇಬ್ಬರು, ಬಾಡಿಗೆ ಮನೆಗಳಿಂದ ಇಬ್ಬರು ಕೂರುತ್ತಾರೆ. ರಸೀದಿ ಬೇಕೆಂದವರಿಗೆ ರಸೀದಿಯೂ ಉಂಟು, ಆ ಪುಸ್ತಕವನ್ನು ಖಜಾಂಚಿ ಮತ್ತು ಆಡಿಟರ್ ಬಿಟ್ಟರೆ ಇನ್ಯಾರೂ ತೆರೆಯುವಂತಿಲ್ಲ. ದುಡಿದವರ ಹೆಸರನ್ನಾದರೂ ಫಲಕಕ್ಕೆ ಹಾಕೋಣ ಎಂದು ಸಮಿತಿಯಲ್ಲಿ ಒಬ್ಬರು ಸೂಚಿಸಿದರು. ಬೇಡ ಎಂದೆ. ಕೈಲಾಗದವರ ಪಟ್ಟಿಯನ್ನೂ ಅದು ತಾನಾಗಿ ಬರೆದುಬಿಡುತ್ತದೆ.

ಎಲ್ಲವೂ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಅಪಾರ್ಟ್‌ಮೆಂಟು ಮುಗಿದು ಆ ಸೆಕ್ಯುರಿಟಿಯ ಸಂಸಾರ ಬೇರೆಲ್ಲಿಗೋ ಹೋಯಿತು. ಟೀಚರಮ್ಮ ಮನೆ ಬದಲಿಸಿದರು. ವರಾಂಡವಿರುವ ಇನ್ನೊಂದು ಮನೆ ನಮಗಿನ್ನೂ ಸಿಕ್ಕಿಲ್ಲ, ಮಕ್ಕಳು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ತೋರಣ ಅಂಟಿಸುತ್ತಾರೆ. ಸೀರೆಗಳು ಬರತೊಡಗಿವೆ, ಇಸ್ತ್ರಿಗೆ ಸಂಘದಿಂದಲೇ ದುಡ್ಡು ಕೊಡುತ್ತೇವೆ. ಪುಕ್ಕಟೆ ಮಾಡಿ ಎಂದು ಕೇಳುವ ಹಕ್ಕು ನನಗೆ ಉಳಿದಿಲ್ಲ. ಮೇಲಿನ ಬಾಲ್ಕನಿಗಳಲ್ಲಿ ಕೆಲವು ಬೆಳಗುತ್ತವೆ, ಕೆಲವು ಇಲ್ಲ.

ಹೋದ ವರ್ಷ ನಾಲ್ಕು ಸೈಟಿನ ಮಾಲೀಕರೊಬ್ಬರು ಸಾಮಾನ್ಯ ಸಭೆಯಲ್ಲಿ ಎದ್ದು, ಯಾರು ಎಷ್ಟು ಕೊಟ್ಟರೆಂದು ತಿಳಿಯುವ ಹಕ್ಕು ಸದಸ್ಯರಿಗಿಲ್ಲವೇ, ಏನನ್ನು ಮುಚ್ಚಿಡುತ್ತಿದ್ದೀರಿ ಎಂದು ಕೇಳಿದರು. ಒಂದು ಕಾಲದಲ್ಲಿ ಈ ಪ್ರಶ್ನೆಗೆ ನನ್ನ ನಿದ್ದೆ ಹಾರುತ್ತಿತ್ತು. ಖರ್ಚಿನ ಮೇಲೆ ಅನುಮಾನವಿದ್ದರೆ ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ಒಂದೊಂದು ಬಿಲ್ಲನ್ನೂ ಕೂಡಿ ಕಳೆದು ನೋಡೋಣ ಎಂದೆ. ಅವರು ಬರಲಿಲ್ಲ. ಬಂದಿದ್ದರೂ ರಸೀದಿ ಪುಸ್ತಕವನ್ನು ತೆಗೆದು ತೋರಿಸುತ್ತಿರಲಿಲ್ಲ.